ಪಾಟಿಯ ಮೇಲೆ ನೀರು

ಎಂಟು ಲೆಕ್ಕ ಕೊಟ್ಟಿದ್ದರು. ನನ್ನ ತಂಗಿ ಎಂಟನ್ನೂ ಬಿಡಿಸಿದ್ದಳು. ಎಂಟೂ ಸರಿ ಇದ್ದವು. ಆದರೂ ಅವಳಿಗೆ ಸೊನ್ನೆ ಬಂತು. ಯಾಕೆ ಬಂತು ಅನ್ನುವುದನ್ನು ಹೇಳುತ್ತೇನೆ. ಎದುರಿಗೆ ನಿಂತು ನೋಡಿದವಳು ನಾನು. ನೋಡಿ ಸುಮ್ಮನಿದ್ದವಳೂ ನಾನೇ.

ನನ್ನ ಹೆಸರು ಬಾಳಕ್ಕ. ಗಡಹಿಂಗ್ಲಜದ ಸಮಗಾರ ಓಣಿಯವಳು. ಶಾಲೆಗೆ ಹೋದವಳಲ್ಲ. ನನಗೆ ಅಕ್ಷರದ ಹುಚ್ಚು ಹಿಡಿಸಿದವಳು ತಂಗಿ ಕಾಶವ್ವ, ನನಗಿಂತ ಆರು ವರ್ಷ ಚಿಕ್ಕವಳು. ಸಂಜೆ ಶಾಲೆಯಿಂದ ಬಂದವಳೇ ಒಲೆಯ ಬೂದಿ ಹರವಿ, ನನ್ನ ಬೆರಳು ಹಿಡಿದು ಬರೆಸುತ್ತಿದ್ದಳು. ತಪ್ಪಿದರೆ ಮಾಸ್ತರನ ಹಾಗೆ ಗದರುತ್ತಿದ್ದಳು: "ಏ ದಡ್ಡಿ, ತಲ್ಯಾಗ ಏನ್ ತೊಗಲ ತುಂಬೇತೇನು?" ಅವಳ ಶಾಲೆ ಮರಾಠಿಯದು. ಕನ್ನಡದ ಅಕ್ಷರವನ್ನು ನಾನು ಆಮೇಲೆ ಅಂಗಡಿಯ ಬೋರ್ಡು, ಪೊಟ್ಟಣ ಕಟ್ಟಿದ ಕಾಗದ ನೋಡಿ ನೋಡಿ ಕೂಡಿಸಿಕೊಂಡೆ. ಅದಕ್ಕೇ ನನ್ನ ಬರವಣಿಗೆ ಹೀಗೆ, ಮಾತಾಡಿದ ಹಾಗೆ.

ಅಪ್ಪ ಶಟ್ಟೆಪ್ಪ ಚಪ್ಪಲಿ ಹೊಲಿಯುತ್ತಿದ್ದ. ಅಟ್ಟೆ ಕತ್ತರಿಸುವುದು, ಬಡಿಯುವುದು ಅಪ್ಪನ ಕೆಲಸ. ಸಣ್ಣ ತೊಗಲಿನ ಪಟ್ಟಿ ಸೀಳಿ ಜಡೆಯ ಹಾಗೆ ಹೆಣೆಯುವುದು ನನ್ನದು ಮತ್ತು ಅವ್ವನದು. ಹೆಣೆಯುವಾಗ ಪಟ್ಟಿಯ ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಗಿಸಿ ಎಳೆಯಬೇಕು. ನನ್ನ ಹೆಬ್ಬೆರಳ ಸಂದಿ ಯಾವಾಗಲೂ ಹುಣ್ಣು. ಉಗುರಿನ ಸಂದಿಯ ವಾಸನೆ ಏನು ತಿಕ್ಕಿದರೂ ಹೋಗುತ್ತಿರಲಿಲ್ಲ. ರೊಟ್ಟಿ ಮುರಿದರೆ ರೊಟ್ಟಿಗೂ ಅದೇ ವಾಸನೆ.

ಊರ ಮಂದಿ ಚಪ್ಪಲಿಯ ಅಳತೆ ಕೊಡಲು ಬರುತ್ತಿದ್ದರು. ಅವರ ಪಾದವನ್ನು ನಾವು ಮುಟ್ಟುವ ಹಾಗಿರಲಿಲ್ಲ. ಅಂಗಳದಲ್ಲಿ ಅಪ್ಪ ಬೂದಿ ಹರವಿ ದೂರ ಸರಿದು ನಿಲ್ಲುತ್ತಿದ್ದ. ಬಂದವರು ಬೂದಿಯ ಮೇಲೆ ಹೆಜ್ಜೆ ಒತ್ತಿ, ಕಾಲು ಕೊಡವಿ ಹೋಗುತ್ತಿದ್ದರು. ಅವರು ಹೋದ ಮೇಲೆ ಅಪ್ಪ ಕೂತು ಆ ಗುರುತನ್ನು ಬೆರಳಿನಿಂದ ಅಳೆಯುತ್ತಿದ್ದ. "ಹದಿಮೂರು ಬೆರಳು. ಮುಂದ ಆರು." ಕಾಶಿ ಪಕ್ಕದಲ್ಲೇ ಕೂತಿರುತ್ತಿದ್ದಳು. ಒಮ್ಮೆ ಕೇಳಿದ ಅಳತೆಯನ್ನು ಮರೆಯುತ್ತಿರಲಿಲ್ಲ. ಊರಿನ ಮುಖಗಳನ್ನು ನಾವು ಎದುರಿಗೆ ನೋಡಿದ್ದು ಕಮ್ಮಿ. ಪಾದಗಳು ಮಾತ್ರ ಒಂದೊಂದೂ ಗೊತ್ತಿದ್ದವು.

ಹೊಸ ತೊಗಲು ಬಂದರೆ ಅಪ್ಪ ಇದ್ದಿಲಿನಿಂದ ಗೆರೆ ಎಳೆಯುವ ಮೊದಲೇ ಕಾಶಿ ಅದರ ಸುತ್ತ ಒಂದು ಸುತ್ತು ತಿರುಗಿ ಹೇಳುತ್ತಿದ್ದಳು: "ಒಂಬತ್ತ ಜೋಡಿ. ಇಲ್ಲೆ ಎಮ್ಮಿಗೆ ಗಾಯ ಆಗಿತ್ತು, ಒಂದ ಜೋಡಿ ಹೋತು." ಅಪ್ಪ ಕತ್ತರಿಸಿದರೆ ಒಂಬತ್ತೇ. "ಇದು ನನ್ನ ಮಗಳಲ್ಲ, ಯಾವನೋ ಕುಲಕರ್ಣಿ ಸತ್ತು ಹುಟ್ಯಾನ," ಅಂತ ಅಪ್ಪ ನಗುತ್ತಿದ್ದ. ಅವ್ವ ಹಣಮವ್ವನಿಗೆ ಆ ಮಾತು ಸೇರುತ್ತಿರಲಿಲ್ಲ. "ಯಾಕ, ನನ್ನ ಹೊಟ್ಟ್ಯಾಗ ಶಾಣ್ಯಾರು ಹುಟ್ಟಬಾರದೇನು?"

ಶಾಲೆಯಲ್ಲಿ ಕಾಶಿ ಹೊಸ್ತಿಲ ಹೊರಗೆ ಕೂಡುತ್ತಿದ್ದಳು. ಎಲ್ಲ ಮಕ್ಕಳೂ ಒಟ್ಟಿಗೇ ಕೂಡಬೇಕು ಅಂತ ಕೊಲ್ಹಾಪುರ ಸಂಸ್ಥಾನದ ಹುಕುಂ ಬಂದು ಎಷ್ಟೋ ವರ್ಷವಾಗಿತ್ತು. ಹುಕುಮಿನ ಕಾಗದ ಕಪಾಟಿನಲ್ಲಿತ್ತು. ಕಾಶಿ ಹೊಸ್ತಿಲ ಹೊರಗಿದ್ದಳು. ನಾಲ್ಕು ವರ್ಷ ಹಾಗೇ. ಮಳೆ ಬಂದರೆ ಬೆನ್ನು ತೋಯುತ್ತಿತ್ತು, ಬರೆಯುವ ಕಲ್ಲಿನ ಪಾಟಿಯನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದಳು. ಲೆಕ್ಕ ಬಿಡಿಸಿದ ಮೇಲೆ ಪಾಟಿ ಮೇಲೆತ್ತಿ ತೋರಿಸಬೇಕು. ಸುಕುಮಾರ ಮಾಸ್ತರರು ಒಳಗಿನಿಂದಲೇ ನೋಡಿ "ಬರೋಬರ್" ಅನ್ನಬೇಕು. ಒಳ್ಳೆಯ ಮನುಷ್ಯ, ಜೈನರು. ಬೈದವರಲ್ಲ, ಬಡಿದವರಲ್ಲ. ಹತ್ತಿರ ಬಂದವರೂ ಅಲ್ಲ.

ಮೂವತ್ತೆಂಟನೆಯ ಇಸವಿ. ಕಾಶಿ ನಾಲ್ಕನೆಯ ಇಯತ್ತೆ ಮುಗಿಸುವ ಹೊತ್ತಿಗೆ ಸುಕುಮಾರ ಮಾಸ್ತರರು ನಮ್ಮ ಓಣಿಗೆ ಬಂದರು. ಬೇವಿನ ಮರದ ಕೆಳಗೆ, ಓಣಿ ಶುರುವಾಗುವಲ್ಲಿ ನಿಂತು ಕೂಗಿದರು. "ಶಟ್ಟೆಪ್ಪಾ, ಇದ್ದೀಯೇನೋ?"

ಅಪ್ಪ ಕೈ ಒರೆಸಿಕೊಳ್ಳುತ್ತ ಓಡಿದ. "ಬರ್ರಿ ಸರ, ಯಾರ ಕಾಲಿಂದು ಅಳತಿ?"

"ಅಳತಿ ಕಾಲಿಂದಲ್ಲೋ, ನಿನ್ನ ಮಗಳ ತಲೀದು."

ಅವರು ಹೇಳಿದ್ದು ಇಷ್ಟು. ಹುಷಾರ ಮಕ್ಕಳಿಗೆ ಎರಡು ದಾರಿ ತೆರೆದಿದ್ದವು. ಒಂದು ನಮ್ಮ ಊರಿನ ಶಾಲೆಯಲ್ಲೇ ಹೊಸದಾಗಿ ಮಾಡುವ ನಿವಡಕ ವರ್ಗ. ಆರಿಸಿದ ಹನ್ನೆರಡು ಮಕ್ಕಳು, ಇಂಗ್ಲಿಶು, ಬೀಜಗಣಿತ, ಮುಂದೆ ಹೈಸ್ಕೂಲಿಗೆ ನೇರ ದಾರಿ. ಅದಕ್ಕೆ ಪರೀಕ್ಷೆ. ಇನ್ನೊಂದು ಕೊಲ್ಹಾಪುರದಲ್ಲಿ ಅಸ್ಪೃಶ್ಯ ಹುಡುಗಿಯರ ಬೋರ್ಡಿಂಗು. ಅಲ್ಲೂ ಹುಷಾರ ಹುಡುಗಿಯರ ಬೇರೆ ವರ್ಗ, ಊಟ, ಬಟ್ಟೆ, ಇರಲು ಕೋಣೆ. ಅದಕ್ಕೆ ಮಾಸ್ತರರ ಚೀಟಿ ಸಾಕು.

"ಎರಡರಾಗ ಯಾವುದು ಛಲೋರಿ?" ಅಪ್ಪ ಕೇಳಿದ.

"ಎರಡೂ ಛಲೋನ. ನೀವು ಒಮ್ಮಿ ಬೋರ್ಡಿಂಗ ನೋಡಿ ಬರ್ರಿ." ಮಾಸ್ತರರು ಬೇವಿನ ತೊಗಟೆ ಕೆರೆಯುತ್ತ ನಿಂತಿದ್ದರು. "ಇಲ್ಲಿ ಹೆಂಗ ಐತಿ ಅನ್ನೂದು ನಿಮಗ ಗೊತ್ತ ಐತಿ."

ಅಪ್ಪ, ನಾನು, ಕಾಶಿ ಮೋಟಾರು ಹತ್ತಿ ಕೊಲ್ಹಾಪುರಕ್ಕೆ ಹೋದೆವು. ಬೋರ್ಡಿಂಗು ನೋಡಿಕೊಳ್ಳುವ ಬಾಯಿಯವರು, ಸುಶೀಲಾಬಾಯಿ ಅಂತ, ನಮ್ಮನ್ನು ಒಳಗೆ ಕರೆದು ಉದ್ದ ಮರದ ಬಾಕಿನ ಮೇಲೆ ಕೂಡಿಸಿದರು. ಅಪ್ಪ ನೆಲದ ಮೇಲೇ ಕೂತ. ಅವರು ಅವನ ರಟ್ಟೆ ಹಿಡಿದು ಎಬ್ಬಿಸಿ ಮೇಲೆ ಕೂಡಿಸಿದರು. ಅಪ್ಪನ ಕಣ್ಣು ತುಂಬಿದವು. ಅನ್ನ, ಸಾರು ಹಾಕಿದರು. ಇಪ್ಪತ್ತು ಹುಡುಗಿಯರು ಸಾಲಾಗಿ ಕೂತು ಉಂಡರು. ಎಲ್ಲರ ತಲೆಗೂ ಎಣ್ಣೆ, ಎಲ್ಲರಿಗೂ ಒಂದೇ ಬಣ್ಣದ ಸೀರೆ. ನನಗೇ ಅಲ್ಲಿ ಉಳಿಯಬೇಕು ಅನ್ನಿಸಿತು. ಆಗ ನನಗೆ ಹದಿನಾರು ತುಂಬಿತ್ತು.

ಕಾಶಿ ಮಾತ್ರ ಉಣ್ಣುತ್ತ ಸುತ್ತಲೂ ನೋಡುತ್ತಿದ್ದಳು. ತಟ್ಟೆ ತೊಳೆದಿಟ್ಟು ಬಂದು ಕೇಳಿದಳು: "ಬಾಯಾರ, ಇಲ್ಲೆ ಬೀಜಗಣಿತ ಐತೇನ್ರಿ?"

"ಅದು ಗಂಡಹುಡುಗರ ಬೋರ್ಡಿಂಗಿನ್ಯಾಗ, ತಂಗಿ. ಇಲ್ಲಿ ಹೊಲಿಗಿ, ಓದು, ಬರಹ. ಭಾಳ ಹುಷಾರ ಇದ್ದವರನ್ನ ಬಾಲವರ್ಗದ ಮಾಸ್ತರಬಾಯಿ ಮಾಡ್ತೇವಿ."

"ಇಂಗ್ಲಿಶು?"

"ಮುಂದ ನೋಡೋಣು."

"ಹೊಲಿಗಿ ನಮ್ಮನ್ಯಾಗ ಐತ್ರಿ," ಅಂದಳು ಕಾಶಿ.

ಸುಶೀಲಾಬಾಯಿ ನಕ್ಕರು. ಅವರಿಗೆ ಸಿಟ್ಟು ಬರಲಿಲ್ಲ. ಕೆಟ್ಟವರಲ್ಲ ಅವರು. ಕಾಶಿಯ ತಲೆ ಸವರಿ ಹೇಳಿದರು: "ಇಲ್ಲಿ ಯಾರೂ ನಿನ್ನ ಹೊರಗ ಕೂಡಸೂದಿಲ್ಲ. ಅಷ್ಟು ನಾ ಹೇಳಬಲ್ಲೆ."

ದಾರಿಯುದ್ದಕ್ಕೂ ಅಪ್ಪನದು ಬೋರ್ಡಿಂಗಿನದೇ ಮಾತು. "ರಟ್ಟಿ ಹಿಡದು ಎಬ್ಬಿಸಿದ್ರು, ನೋಡಿದೇನ ಬಾಳಿ? ನನ್ನ ರಟ್ಟಿ!" ಮನೆಗೆ ಬಂದು ಅವ್ವನ ಮುಂದೆಯೂ ಅದೇ. ಅವ್ವ ಹೆಣೆಯುತ್ತಲೇ ಕೇಳಿದಳು: "ನೀ ಏನಂತಿ, ಕಾಶಿ?"

"ಅಲ್ಲೆ ಕೂಡಾಕ ಜಾಗಾ ಐತಿ, ಲೆಕ್ಕ ಇಲ್ಲ. ಇಲ್ಲೆ ಲೆಕ್ಕ ಐತಿ, ಜಾಗಾ ಇಲ್ಲ." ಪಾಟಿ ಎತ್ತಿಕೊಂಡು ಹೇಳಿದಳು: "ನಾ ಪರೀಕ್ಷಾ ಕೊಡ್ತೀನಿ. ಹೊರಗ ಕುಂತ ರೂಢಿ ಆಗೇತಿ."

ರೂಢಿ ಆಗೇತಿ. ಹತ್ತು ವರ್ಷದ ಹುಡುಗಿ ಹಾಗಂದಳು. ನಾವು ಮೂವರೂ ಅದನ್ನು ಕೇಳಿಕೊಂಡು ಕೆಲಸ ಮುಂದುವರಿಸಿದೆವು.

ಪರೀಕ್ಷೆಯ ದಿನ ಹೆಡ್‌ಮಾಸ್ತರರ ಯಾರೋ ಅತಿಥಿಗೆ ಮಾಡಿದ ಹೊಸ ಚಪ್ಪಲಿ ಕೊಡಲು ನಾನೂ ಶಾಲೆಗೆ ಹೋಗಿದ್ದೆ. ಮೆಟ್ಟಿಲ ಕೆಳಗೆ ಚಪ್ಪಲಿ ಇಟ್ಟು ಅಂಗಳದಲ್ಲಿ ನಿಂತಿದ್ದೆ. ಒಳಗೆ ಮೂವತ್ತು ಮಕ್ಕಳು. ಕಾಶಿ ಹೊಸ್ತಿಲ ಹೊರಗೆ. ಸುಕುಮಾರ ಮಾಸ್ತರರು ಲೆಕ್ಕ ಹೇಳುತ್ತಿದ್ದರು, ಒಂದೊಂದನ್ನೂ ಎರಡು ಸಲ, ಎರಡನೆಯ ಸಲ ಬಾಗಿಲ ಕಡೆ ತಿರುಗಿ ದೊಡ್ಡ ದನಿಯಲ್ಲಿ. ಅಷ್ಟು ಅವರು ಮಾಡಿದರು. ಕಾಶಿಯ ಬಳಪದ ಸಪ್ಪಳ ನನಗೆ ಅಂಗಳದವರೆಗೂ ಕೇಳುತ್ತಿತ್ತು. ಎಲ್ಲರಿಗಿಂತ ಮೊದಲು ಆ ಸಪ್ಪಳ ನಿಂತಿತು. ಅವಳು ತಿರುಗಿ ನನ್ನ ಕಡೆ ನೋಡಿ ಎಂಟು ಬೆರಳು ತೋರಿಸಿದಳು. ನಕ್ಕಳು.

ಆ ದಿನ ಪಾಟಿಗಳನ್ನು ಹೆಡ್‌ಮಾಸ್ತರರೇ ನೋಡುವವರು. ಅಂದರೆ ಎಲ್ಲ ಪಾಟಿ ಅವರ ಮೇಜಿಗೆ ಹೋಗಬೇಕು. ನಾಲ್ಕು ವರ್ಷದಲ್ಲಿ ಕಾಶಿಯ ಪಾಟಿ ಇನ್ನೊಬ್ಬರ ಕೈಗೆ ಹೋಗುವುದು ಅದೇ ಮೊದಲು. ಶಾಲೆಯ ಸಿಪಾಯಿ ಒಳಗಿನ ಪಾಟಿಗಳನ್ನೆಲ್ಲ ಕೈಯಿಂದ ಕೂಡಿಸಿದ. ಆಮೇಲೆ ಬಾಗಿಲಿಗೆ ಬಂದ.

"ಇಡು ಅಲ್ಲೆ."

ಕಾಶಿ ಪಾಟಿಯನ್ನು ನೆಲದ ಮೇಲಿಟ್ಟಳು. ಬರೆದ ಮಗ್ಗುಲು ಮೇಲೆ. ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಅವ್ವ ಕಲಿಸಿದ್ದು ಹಾಗೇ. ದೊಡ್ಡವರಿಗೆ ಏನೇ ಕೊಡುವುದಿದ್ದರೂ ನೆಲದ ಮೇಲಿಡಬೇಕು, ಚಂದವಾದ ಮಗ್ಗುಲು ಮೇಲೆ ಮಾಡಿಡಬೇಕು, ಹಿಂದೆ ಸರಿಯಬೇಕು. ಚಪ್ಪಲಿ ಇಡುವುದೂ ಹಾಗೇ.

ಸಿಪಾಯಿ ಗಡಿಗೆಯಿಂದ ತಂಬಿಗೆ ನೀರು ತಂದ. ನಾವು ಮುಟ್ಟಿದ್ದನ್ನು ಎತ್ತಿಕೊಳ್ಳುವ ಮೊದಲು ಎಲ್ಲರೂ ಮಾಡುವುದು ಅದನ್ನೇ. ಅವನಿಗೆ ಅದರಲ್ಲಿ ಸಿಟ್ಟೂ ಇರಲಿಲ್ಲ, ಹಟವೂ ಇರಲಿಲ್ಲ. ತಂಬಿಗೆ ಬಗ್ಗಿಸಿದ.

"ಅಣ್ಣಾ, ಅಕ್ಷರ ಹೋಕ್ಕಾವ್ರೀ!" ಕಾಶಿ ಚೀರಿದಳು.

ನೀರು ಬಿತ್ತು. ಎಂಟು ಲೆಕ್ಕ ಬಿಳಿ ನೀರಾಗಿ ಹೊಸ್ತಿಲ ಕೆಳಗೆ ಹರಿದವು. ಸಿಪಾಯಿ ಪಾಟಿ ಎತ್ತಿ, ಧೋತರದ ಚುಂಗಿನಿಂದ ಒರೆಸಿ, ಎಲ್ಲದರ ಮೇಲೆ ಇಟ್ಟುಕೊಂಡು ಹೋದ. ಸುಕುಮಾರ ಮಾಸ್ತರರು ನೋಡಿದರು. ಬಾಯಿ ತೆರೆದರು. ಮುಚ್ಚಿದರು. ನಾನು ಅಂಗಳದಲ್ಲಿ ನಿಂತಿದ್ದೆ. ನನಗೆ ಬಾಯಿಯೇ ಇರಲಿಲ್ಲ.

ಹೆಡ್‌ಮಾಸ್ತರರು ಪಾಟಿ ತಿರುಗಿಸಿ ನೋಡಿದ್ದು ಕಿಟಕಿಯಿಂದ ಕಂಡಿತು. "ಪಾಟೀ ಕೋರೀ ಆಹೇ," ಅಂದರು. ಪಾಟಿ ಖಾಲಿ ಇದೆ. ಸೊನ್ನೆ ಬರೆದರು.

ಮನೆಗೆ ಬರುವ ತನಕ ಕಾಶಿ ಅಳಲಿಲ್ಲ. ಮನೆಯಲ್ಲೂ ಅಳಲಿಲ್ಲ. ನಾನು ಎಲ್ಲ ಹೇಳಿದೆ. ಅವ್ವ ಹೆಣಿಗೆ ಕೆಳಗಿಟ್ಟು ಎರಡೂ ಕೈಯಿಂದ ತನ್ನ ಬಾಯಿಗೆ ಬಡಿದುಕೊಂಡಳು. "ನಾನ ಕಲಿಸಿದ್ನಿ. ಬರದ ಮಗ್ಗಲ ಮ್ಯಾಲ ಮಾಡಿ ಇಡಂತ ನಾನ ಕಲಿಸಿದ್ನಿ. ಈ ಬಾಯಿಗೆ ಬೆಂಕಿ ಹತ್ತಲಿ."

"ಬೋರಲ ಇಟ್ಟಿದ್ರ ಎತ್ತಿದ ಮ್ಯಾಲ ಆ ಮಗ್ಗಲಕ್ಕೂ ಹಾಕ್ತಿದ್ದ, ಬಿಡವ್ವಾ," ಅಂದಳು ಕಾಶಿ.

ಮರುದಿನ ಬೇವಿನ ಮರದ ಕೆಳಗೆ ಮತ್ತೆ ಸುಕುಮಾರ ಮಾಸ್ತರರು. ಮುಖ ಎತ್ತದೆ ಮಾತಾಡಿದರು. ಗುರುವಾರ ಡಿಪೋಟಿ ಸಾಹೇಬರು ಬರುತ್ತಾರೆ. ಶಾಲೆಗಳ ತಪಾಸಣೆ ಮಾಡುವ ಆ ಸಾಹೇಬರ ಮುಂದೆ ಎರಡೂ ಯಾದಿ ಓದುತ್ತಾರೆ. ಕಾಶಿಯ ಹೆಸರನ್ನು ಬೋರ್ಡಿಂಗಿನ ಯಾದಿಗೆ ಹಾಕಿ ಆಗಿದೆ. ಅಪ್ಪ ಬಂದು ಹೆಬ್ಬಟ್ಟು ಒತ್ತಿದರೆ ಆಯಿತು.

ಅವ್ವ ಅಪ್ಪನನ್ನು ದಾಟಿ ಮುಂದೆ ಬಂದಳು. "ಸರ, ನೀವು ಕಣ್ಣಾರೆ ನೋಡೀರಿ. ಹೇಳಬೇಕಿತ್ತಲ್ರಿ?"

"ನಾ ಏನ್ ಮಾಡ್ಲಿ ಹಣಮವ್ವಾ? ನನಗೂ ಮನಿ ಐತಿ, ಮಕ್ಕಳದಾವ. ಬೋರ್ಡಿಂಗಿನ್ಯಾಗ ಮರ್ಯಾದಿಲೆ ಇರ್ತಾಳ. ನಾ ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ."

"ಒಳ್ಳೇದು ಅನ್ನೂದು ನಿಮಗ ಹೇಳೂದು ಭಾಳ ಸಸಾರ ಆಗೇತಿ, ಸರ."

ಮಾಸ್ತರರು ಹೋದರು. ಅಪ್ಪ ಅಂದ: "ಸುಮ್ಮ ಬೋರ್ಡಿಂಗಕ್ಕ ಹಾಕೂನು. ಈ ಊರಾಗ ಇರೂದರೊಳಗ ಏನೈತಿ? ಅಲ್ಲೆ ಬಾಕಿನ ಮ್ಯಾಲ ಕುಂದ್ರತಾಳ."

"ನಾ ಬಾಕ ಕೇಳಿಲ್ಲಪ್ಪಾ," ಅಂದಳು ಕಾಶಿ. "ನನ್ನ ಎಂಟು ಲೆಕ್ಕ ಕೇಳಾಕತ್ತೇನಿ."

ಬುಧವಾರ ಮಧ್ಯಾಹ್ನ ನಾನು ನೀರು ತಂದು ಬಂದಾಗ ಕಾಶಿ ಅಪ್ಪನ ಜಾಗದಲ್ಲಿ ಕೂತಿದ್ದಳು. ಮುಂದೆ ಹೊಸ ಅಟ್ಟೆಯ ತೊಗಲು, ನೀರಲ್ಲಿ ನೆನೆಸಿದ್ದು. ಎಡಗೈಯಿಂದ ಒತ್ತಿ ಹಿಡಿದು ಬಲಗೈಯಲ್ಲಿ ಆರಿಯಿಂದ, ನಾವು ತೂತು ಹಾಕುವ ಆ ಚೂಪು ಮೊಳೆಯಿಂದ, ಗೀರುತ್ತಿದ್ದಳು. ಅಂಕಿಗಳು. ಮೊದಲನೆಯ ಲೆಕ್ಕ, ಎರಡನೆಯದು, ಮೂರನೆಯದು. ಎಂಟೂ ಲೆಕ್ಕ ಅವಳ ನೆನಪಿನಲ್ಲಿದ್ದವು. ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು. ನಾಲಿಗೆ ಕಚ್ಚಿಕೊಂಡು ಗೀರುತ್ತಿದ್ದಳು.

ಆ ತೊಗಲು ಎತ್ತಿಟ್ಟ ತೊಗಲು. ಅದು ಕೆಟ್ಟರೆ ನಾಲ್ಕು ಜೋಡಿ ಹೋದ ಹಾಗೆ. ಅಪ್ಪ ಒಳಗೆ ಬಂದ. ನೋಡಿದ. ಈಗ ಬಿತ್ತು ಏಟು ಅಂದುಕೊಂಡು ನಾನು ಅಡ್ಡ ಹೋದೆ. ಅಪ್ಪ ನನ್ನನ್ನು ಸರಿಸಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬಹಳ ಹೊತ್ತು ಅಂಕಿಗಳನ್ನು ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ.

"ಆ ಆರಿ ಮೊಂಡ ಆಗೇತಿ," ಅಂದ. "ಇದನ್ನ ತಗೋ." ತೊಗಲಿನ ಎರಡೂ ತುದಿಯನ್ನು ತಾನೇ ಬಿಗಿಯಾಗಿ ಹಿಡಿದ.

ಗುರುವಾರ ಶಾಲೆಯಲ್ಲಿ ಜಮಖಾನೆ ಹಾಸಿದ್ದರು. ಊರ ಮಂದಿ ತಂತಮ್ಮ ಮಕ್ಕಳ ಜೊತೆ ಅದರ ಮೇಲೆ. ಡಿಪೋಟಿ ಸಾಹೇಬರು ಕುರ್ಚಿಯಲ್ಲಿ. ನಾವು ನಾಲ್ವರು ಹೊಸ್ತಿಲ ಹೊರಗೆ. ಹೊಸ್ತಿಲ ಪಕ್ಕ ಸಾಹೇಬರು ಚಪ್ಪಲಿ ಬಿಟ್ಟಿದ್ದರು. ಕಾಶಿ ನೋಡಿದವಳೇ ನನ್ನ ಕಿವಿಯಲ್ಲಿ ಹೇಳಿದಳು: "ಹದಿನಾಲ್ಕ ಬೆರಳು. ಹೆಡ್‌ಮಾಸ್ತರು ಪಾವಣ್ಯಾರಿಗೆ ಅಂತ ಮಾಡಿಸಿದ್ದರಲ್ಲ, ಅವು." ಅದರ ಜಡೆ ಹೆಣೆದವಳು ನಾನು.

ಹೆಡ್‌ಮಾಸ್ತರರು ನಿವಡಕ ವರ್ಗದ ಹನ್ನೆರಡು ಹೆಸರು ಓದಿದರು. ಆಮೇಲೆ: "ಕಾಶೀಬಾಯಿ ಶಟ್ಟೆಪ್ಪ ಸಮಗಾರ. ಪರೀಕ್ಷೆಯಲ್ಲಿ ಸೊನ್ನೆ. ಬೋರ್ಡಿಂಗು." ಸಿಪಾಯಿ ಮಸಿಯ ಡಬ್ಬಿ ಮತ್ತು ಕಾಗದವನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದ. "ಒತ್ತೋ ಶಟ್ಟೆಪ್ಪಾ."

ಅಪ್ಪ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಕಾಶಿ ಮಸಿಯ ಡಬ್ಬಿ ದಾಟಿದಳು. ಹೊಸ್ತಿಲು ದಾಟಿದಳು. "ಏ! ಏ! ಏ!" ಅಂತ ಸಿಪಾಯಿ ಕೂಗಿದ, ಆದರೆ ಹಿಡಿಯಬೇಕೆಂದರೆ ಮುಟ್ಟಬೇಕು. ಜಮಖಾನೆಯ ಮಂದಿ ದಡಬಡ ಎದ್ದು ಎರಡು ಮಗ್ಗುಲು ಸರಿದರು. ಅವಳಿಗೆ ನಡುವೆ ದಾರಿಯಾಯಿತು. ಸೆರಗಿನ ಕೆಳಗಿದ್ದ ತೊಗಲನ್ನು ತೆಗೆದು ಡಿಪೋಟಿ ಸಾಹೇಬರ ಮೇಜಿನ ಮೇಲಿಟ್ಟಳು.

"ಮೇಜಿನ ಮ್ಯಾಲ ತೊಗಲು!" ಹೆಡ್‌ಮಾಸ್ತರರು ಎದ್ದು ನಿಂತರು.

ಕಾಶಿ ಸಿಪಾಯಿಯ ಕಡೆ ತಿರುಗಿದಳು. "ಅಣ್ಣಾ, ನೀರ ಹಾಕ್ರಿ."

"ಆಂ?"

"ಅವತ್ತ ಹಾಕಿದ್ರಲ್ಲ, ಹಂಗ ಹಾಕ್ರಿ. ತಂಬಿಗಿ ತುಂಬ ಹಾಕ್ರಿ."

ಸಿಪಾಯಿ ಹೆಡ್‌ಮಾಸ್ತರರನ್ನು ನೋಡಿದ. ಅವರು ಸಿಟ್ಟಿನಲ್ಲಿ ಮೇಜಿನ ಕಡೆ ಕೈ ಮಾಡಿದರು. ತೆಗಿ ಅಂದರೋ, ತೊಳೆ ಅಂದರೋ. ಸಿಪಾಯಿ ರೂಢಿಯಂತೆ ತಂಬಿಗೆ ತಂದು ಬಗ್ಗಿಸಿದ. ನೀರು ತೊಗಲಿನ ಮೇಲೆ ಹರಿದು ಮೇಜಿನ ಅಂಚಿನಿಂದ ಸುರಿಯಿತು. ಒಣ ತೊಗಲಿನಲ್ಲಿ ಮಸುಕಾಗಿದ್ದ ಗೀರುಗಳು ನೆನೆದ ಮೇಲೆ ಕಪ್ಪಗೆ ಎದ್ದು ಕಂಡವು. ಎಂಟು ಲೆಕ್ಕ.

"ಈಗ ನೋಡ್ರಿ, ಸಾಹೇಬ್ರ," ಅಂದಳು ಕಾಶಿ. "ಅವತ್ತಿನ ಎಂಟೂ ಇವ. ಅವತ್ತ ಅಣ್ಣಾರು ನೀರ ಹಾಕಿ ಅಳಿಸಿದ್ರು."

ಡಿಪೋಟಿ ಸಾಹೇಬರು ಬೆಳಗಾವಿ ಕಡೆಯವರು, ಕನ್ನಡ ಬಲ್ಲವರು. ಕನ್ನಡಕ ಏರಿಸಿ ಬಾಗಿದರು. ಮುಟ್ಟಲಿಲ್ಲ. ಕುತ್ತಿಗೆ ಮಾತ್ರ ಚಾಚಿ ಒಂದೊಂದನ್ನೇ ಓದಿದರು. "ಮಾಸ್ತರ, ಇವು ನೀವು ಹೇಳಿದ ಲೆಕ್ಕಾನ ಏನ್ರಿ?"

ಸುಕುಮಾರ ಮಾಸ್ತರರು ಗೋಡೆಗೆ ಒರಗಿ ನಿಂತಿದ್ದರು. "ಹೌದ್ರಿ," ಅಂದರು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ: "ನೀರು ಹಾಕಿದ್ದೂ ಹೌದ್ರಿ."

"ತೊಗಲು, ಸಾಹೇಬ್ರ, ಶಾಲೆಯೊಳಗ ತೊಗಲು..." ಹೆಡ್‌ಮಾಸ್ತರರು ಇನ್ನೂ ಆ ಮಾತಿನಲ್ಲೇ ಇದ್ದರು.

ಹೊಸ್ತಿಲಿನಿಂದ ಅವ್ವನ ದನಿ ಬಂತು. ಅವ್ವ ಸಾಹೇಬರ ಚಪ್ಪಲಿಯನ್ನು ಕೈಯಲ್ಲಿ ಎತ್ತಿ ಹಿಡಿದಿದ್ದಳು. "ಇದೂ ತೊಗಲರಿ. ಅದ ಎಮ್ಮೀದು. ನನ್ನ ಮಗಳ ಹೆಣದಾಳ, ಹೆಬ್ಬಟ್ಟಿಗೆ ಹುಣ್ಣಾಗಿ ಹೆಣದಾಳ. ಕಾಲಾಗ ನಡೀತೈತಿ, ಮೇಜಿನ ಮ್ಯಾಲ ನಡಿಯೂದಿಲ್ಲೇನ್ರಿ? ಇದಕ್ಕ ಎಷ್ಟ ತಂಬಿಗಿ ಹಾಕೀರಿ?"

ಸಾಹೇಬರು ತಮ್ಮ ಬರಿಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಬಹಳ ಮೆತ್ತಗೆ, ಮಗುವಿಗೆ ಹೇಳುವ ಹಾಗೆ, ಕಾಶಿಗೆ ಹೇಳಿದರು: "ಎಂಟೂ ಬರೋಬರ್ ಅದಾವ. ಈಗ ಎರಡೂ ವರ್ಗ ನಿನಗ ತೆರದಾವ. ಬೋರ್ಡಿಂಗಿನ್ಯಾಗ ಆರಾಮ ಇರ್ತಿ. ಇಲ್ಲೆ ಕಲಿಯೂದಾದ್ರ ಹೊಸ್ತಿಲ ಹೊರಗ ಕುಂದ್ರಬೇಕಾಕ್ಕೈತಿ. ನೀ ಶಾಣ್ಯಾ ಹುಡುಗಿ. ಎರಡರಾಗ ಯಾವುದು ಬೇಕು, ನೀನ ಆರಿಸಿಕೋ."

"ನಿವಡಕ ವರ್ಗ. ಒಳಗ."

"ಅದು ಈ ಎರಡರಾಗ ಇಲ್ಲ, ತಂಗಿ."

"ಹುಕುಮಿನ್ಯಾಗ ಐತ್ರಿ. ಕಪಾಟಿನ್ಯಾಗ ಐತಿ, ತಗದ ನೋಡ್ರಿ."

ಅಷ್ಟು ಹೇಳಿ ಅವಳು ಜಮಖಾನೆಯ ಕೊನೆಯಲ್ಲಿ, ನೀರು ಹರಿದು ಒದ್ದೆಯಾದ ಜಾಗದಲ್ಲಿ ಕೂತುಬಿಟ್ಟಳು. ಪದ್ಮಾಸನ ಹಾಕಿ, ಬೆನ್ನು ನೆಟ್ಟಗೆ. ಡಿಪೋಟಿ ಸಾಹೇಬರು ಹದಿಮೂರನೆಯ ಹೆಸರು ಬರೆದರು. ಒಳಗೋ ಹೊರಗೋ ಅನ್ನುವುದನ್ನು ಬರೆಯಲಿಲ್ಲ. "ಕೂಡಸೂದು ಹೆಡ್‌ಮಾಸ್ತರರ ವ್ಯವಸ್ಥಾ," ಅಂದು ಎದ್ದರು. ಹೊಸ್ತಿಲಲ್ಲಿ ಅವ್ವ ಅವರ ಮುಂದೆ ಚಪ್ಪಲಿ ಇಟ್ಟಳು. ಅವರು ಒಂದು ಗಳಿಗೆ ನಿಂತರು. ಹಾಕಿಕೊಂಡೇ ಹೋದರು. ನೀರು ಕೇಳಲಿಲ್ಲ.

ಇದನ್ನು ಗೆದ್ದ ಕಥೆ ಅಂತ ಯಾರೂ ತಿಳಿಯಬೇಡಿ. ಮರುದಿನ ಹನ್ನೆರಡರಲ್ಲಿ ಏಳು ಮಕ್ಕಳನ್ನು ಅವರ ಮನೆಯವರು ವರ್ಗದಿಂದ ಬಿಡಿಸಿಕೊಂಡರು. ನಮ್ಮ ಅಂಗಳದ ಬೂದಿಯ ಮೇಲೆ ಆರು ತಿಂಗಳು ಯಾರ ಹೆಜ್ಜೆಯೂ ಬೀಳಲಿಲ್ಲ. ಅಪ್ಪ ಚಪ್ಪಲಿ ಹೊತ್ತುಕೊಂಡು ಇಚಲಕರಂಜಿಯ ಸಂತೆಗೆ ಹೋಗಿ, ಮಾರಿದಷ್ಟು ಮಾರಿ, ಉಳಿದದ್ದನ್ನು ಹೊತ್ತು ಬರುತ್ತಿದ್ದ. ಒಮ್ಮೊಮ್ಮೆ ಕುಡಿದು ಬಂದು "ರಟ್ಟಿ ಹಿಡದು ಎಬ್ಬಿಸಿದ್ರು, ಅಲ್ಲೇ ಹಾಕಬೇಕಿತ್ತು," ಅಂತ ಅಳುತ್ತಿದ್ದ. ಅವನು ತಪ್ಪು ಹೇಳುತ್ತಿದ್ದ ಅಂತ ಈಗಲೂ ನನಗೆ ಹೇಳಲು ಬರುವುದಿಲ್ಲ.

ಆದರೆ ಹೊಸ ವರ್ಗದ ಮೊದಲ ದಿನದ ಮಾತು ಹೇಳಬೇಕು. ಬೆಳಿಗ್ಗೆ ಕಾಶಿ ಹೊರಡುವಾಗ ಅವ್ವ ಅವಳ ಕೈಗೆ ಪಾಟಿ ಕೊಟ್ಟಳು. "ಕಾಶಿ, ನಾ ಕಲಿಸಿದ್ದು ಮರತಬಿಡು. ಇನ್ನ ಮ್ಯಾಲ ನೆಲದ ಮ್ಯಾಲ ಇಡಬ್ಯಾಡ. ಕೈಯಾಗ ಹಿಡಿ. ತಗೊಳ್ಳವರು ಕೈಯಿಂದ ತಗೊಳ್ಳಲಿ."

ನಾನು ಹಿಂದೆಯೇ ಹೋಗಿ ಕಿಟಕಿಯ ಹತ್ತಿರ ನಿಂತೆ. ಈ ಸಲ ಅಂಗಳದಲ್ಲಿ ನಿಲ್ಲಲಿಲ್ಲ. ಒಳಗೆ ಐದು ಮಕ್ಕಳು ಒಂದು ಮೂಲೆಯಲ್ಲಿ, ಕಾಶಿ ಇನ್ನೊಂದು ಮೂಲೆಯಲ್ಲಿ, ಯಾರನ್ನೂ ಕೇಳದೆ ತಾನೇ ಹೋಗಿ ಕೂತವಳು. ಸುಕುಮಾರ ಮಾಸ್ತರರು ಬೀಜಗಣಿತದ ಮೊದಲ ಲೆಕ್ಕ ಹೇಳಿದರು. ಕಾಶಿ ಬರೆದಳು. ಬಳಪದ ಸಪ್ಪಳ ಎಲ್ಲರಿಗಿಂತ ಮೊದಲು ನಿಂತಿತು. ಎದ್ದು ಮಾಸ್ತರರ ಮುಂದೆ ಹೋಗಿ ಪಾಟಿ ಚಾಚಿದಳು.

"ಇಡು ಅಲ್ಲೆ," ಅಂದರು ಮಾಸ್ತರರು, ನೆಲ ತೋರಿಸಿ.

ಅವಳು ಇಡಲಿಲ್ಲ. ಚಾಚಿಯೇ ನಿಂತಳು. ಮಾಸ್ತರರ ಕೈ ಒಮ್ಮೆ ಮೊಣಕಾಲಿನಿಂದ ಮೇಲೆದ್ದಿತು. ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಹೆಡ್‌ಮಾಸ್ತರರು ನಿಂತಿದ್ದರು. ಕೈ ಮತ್ತೆ ಮೊಣಕಾಲಿಗೆ ಇಳಿಯಿತು.

ಕಾಶಿಯ ರಟ್ಟೆ ಸೋಲುತ್ತ ಬಂತು. ಬಲಗೈಗೆ ಎಡಗೈ ಆಸರೆ ಕೊಟ್ಟಳು. ಐದು ಮಕ್ಕಳೂ ಬರೆಯುವುದನ್ನು ಬಿಟ್ಟು ನೋಡುತ್ತಿದ್ದರು.

ಗಂಟೆ ಹೊಡೆಯಿತು. ಆ ದಿನ ಆ ಪಾಟಿಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅವಳು ಕೈ ಇಳಿಸಲಿಲ್ಲ.